ಹೆಸರು ಬರೆಯದ ಪತ್ರಗಳು

ಎಚ್‌ಐವಿ ಇರುವವರ ಹಕ್ಕು, ಕಾನೂನು, ಕೋರ್ಟು, ಇದರ ಬಗ್ಗೆ ಏನಾದರೂ ಕೇಳುವುದಿದ್ದರೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲಿಗೆ ಹೆಸರಿಲ್ಲ. ಒಂದಕ್ಕೆ ಊರೂ ಇಲ್ಲ, ಅಂಚೆ ಮುದ್ರೆ ನೋಡಿ ಯಾದಗಿರಿ ಕಡೆಯದು ಅಂತ ತಿಳಿದುಕೊಂಡೆ. ಇರಲಿ, ಸಂಕೋಚ ಬೇಡ. ಹೆಸರು ಇದ್ದವರದ್ದನ್ನೂ ನಾನು ತೆಗೆದಿದ್ದೇನೆ, ತಾಲ್ಲೂಕುಗಳನ್ನು ಆಚೀಚೆ ಮಾಡಿದ್ದೇನೆ.

ಕೆಳಗೆ ‘ಕಾಯ್ದೆ’ ಅಂತ ಬಂದ ಕಡೆಯೆಲ್ಲ ಅದು ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಪ್ರತಿ ಸಲ ಪೂರ್ತಿ ಹೆಸರು ಬರೆಯುತ್ತಾ ಕೂತರೆ ಪುಟವೇ ಸಾಲುವುದಿಲ್ಲ.

ಪ್ರಶ್ನೆ: ನಮ್ಮಣ್ಣನಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಸಿ, ಅಡ್ವಾನ್ಸ್ ಕಟ್ಟಿದೆವು. ರಕ್ತ ತೆಗೆದುಕೊಂಡರು, ಯಾವ ಟೆಸ್ಟು ಅಂತ ಹೇಳಲಿಲ್ಲ. ಸಂಜೆ ಒಬ್ಬರು ಬಂದು ವಾರ್ಡಿನಲ್ಲಿ ಎಲ್ಲರೆದುರೇ ‘ನಿಮ್ಮ ಪೇಷಂಟಿಗೆ ಪಾಸಿಟಿವ್ ಇದೆ, ನಮ್ಮಲ್ಲಿ ಆಗಲ್ಲ, ಹೈದರಾಬಾದಿಗೆ ಒಯ್ಯಿರಿ’ ಅಂದರು. ಪಕ್ಕದ ಮಂಚದಲ್ಲಿ ನಮ್ಮೂರಿನವರೇ ಇದ್ದರು. ಏನು ಮಾಡಬಹುದು? — ಶಹಾಪುರ ತಾಲ್ಲೂಕು

ಅವರು ಮಾಡಿದ್ದು ತಪ್ಪು, ಒಂದಲ್ಲ, ಮೂರು. ಹೇಳದೆ ಕೇಳದೆ ಟೆಸ್ಟು ಮಾಡಿದ್ದು ಒಂದು. ಕಾಯ್ದೆ ಪ್ರಕಾರ ಏನು ಟೆಸ್ಟು, ಯಾಕೆ ಅಂತ ತಿಳಿಸಿ ಒಪ್ಪಿಗೆ ಪಡೆಯಬೇಕು, ಮೊದಲೂ ಆಮೇಲೂ ಕೌನ್ಸೆಲಿಂಗ್ ಕೊಡಬೇಕು. ಪಾಸಿಟಿವ್ ಇದೆ ಅಂತ ಚಿಕಿತ್ಸೆ ಇಲ್ಲ ಅಂದಿದ್ದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಎಲ್ಲರೆದುರು ಹೇಳಿದ್ದು. ಆಪರೇಷನ್ ನಾಳೆ ಬೇರೆ ಕಡೆ ಆದೀತು. ಪಕ್ಕದ ಮಂಚದವರ ಕಿವಿಗೆ ಬಿದ್ದ ಮಾತನ್ನು ವಾಪಸ್ ತೆಗೆಯಲು ಯಾವ ಕೋರ್ಟಿಗೂ ಆಗುವುದಿಲ್ಲ.

ಡಾಕ್ಟರುಗಳ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತಮ್ಮನೇ ಡಾಕ್ಟರು, ಮನೆಯಲ್ಲಿ ಈ ಜಗಳ ಆಗಿಹೋಗಿದೆ. ಸೂಜಿ ಚುಚ್ಚಿಕೊಂಡರೆ ಏನು ಗತಿ ಅನ್ನುವ ಭಯ ಸುಳ್ಳಲ್ಲ. ಆದರೆ ಅದಕ್ಕೆ ದಾರಿ ಇದೆಯಲ್ವಾ. ಬರುವ ಪ್ರತಿ ಪೇಷಂಟಿನ ರಕ್ತವನ್ನೂ ಸೋಂಕಿದೆ ಅಂತಲೇ ತಿಳಿದು ಗ್ಲೌಸು, ಕನ್ನಡಕ ಹಾಕಿಕೊಂಡು ಕೆಲಸ ಮಾಡಬೇಕು. ಅಕಸ್ಮಾತ್ ಚುಚ್ಚಿಕೊಂಡರೆ ಆದಷ್ಟು ಬೇಗ, 72 ಗಂಟೆಯೊಳಗೆ ಮಾತ್ರೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಆಸ್ಪತ್ರೆ ತನ್ನ ಸಿಬ್ಬಂದಿಗೆ ಈ ಎರಡನ್ನೂ ಒದಗಿಸಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಪೇಷಂಟನ್ನು ಹೊರಗೆ ಕಳಿಸಿ ಅಂತ ಎಲ್ಲೂ ಹೇಳುವುದಿಲ್ಲ.

ಈಗ ನೀವು ಮಾಡಬೇಕಾದದ್ದು. ಮೊದಲು ಆಪರೇಷನ್ ಮಾಡಿಸಿ, ದೂರು ಆಮೇಲೆ. ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಎಆರ್‌ಟಿ ಕೇಂದ್ರ (ಎಚ್‌ಐವಿ ಮಾತ್ರೆ ಕೊಡುವ ಕಡೆ) ಇದೆ, ಅಲ್ಲಿಯ ಕೌನ್ಸೆಲರ್ ಹತ್ತಿರ ಮಾತಾಡಿ, ಸರ್ಜರಿ ವಿಭಾಗಕ್ಕೆ ಹೋಗುವ ದಾರಿ ಅವರೇ ಹೇಳುತ್ತಾರೆ. ಆಮೇಲೆ ಮನೆಯಲ್ಲಿ ಕೂತು ಒಂದು ಹಾಳೆಯಲ್ಲಿ ಎಲ್ಲ ಬರೆಯಿರಿ, ಯಾವತ್ತು, ಎಷ್ಟು ಗಂಟೆಗೆ, ಯಾರು, ಯಾವ ಮಾತು, ಯಾರೆದುರು. ಒಂದು ವಾರ ಬಿಟ್ಟರೆ ಮರೆತುಹೋಗುತ್ತದೆ. ಅಡ್ವಾನ್ಸ್ ರಸೀದಿ ಜೋಪಾನ. ‘ನಮ್ಮ ಇಷ್ಟದಿಂದಲೇ ಪೇಷಂಟನ್ನು ಕರೆದುಕೊಂಡು ಹೋಗುತ್ತಿದ್ದೇವೆ’ ಅನ್ನುವ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರೆ ಅದನ್ನೂ ಬರೆಯಿರಿ, ಇದು ಹಳೇ ಆಟ.

20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಆಸ್ಪತ್ರೆಯಲ್ಲಿ ಇಂಥ ದೂರು ಕೇಳಲೆಂದೇ ಒಬ್ಬ ಅಧಿಕಾರಿ ಇರಬೇಕು. ಇಲ್ಲವಾದರೆ ಅದೇ ಇನ್ನೊಂದು ತಪ್ಪು. ಅದರ ಮೇಲೆ ರಾಜ್ಯ ಸರ್ಕಾರ ನೇಮಿಸಬೇಕಾದ, ದೂರು ವಿಚಾರಿಸುವ ಓಂಬುಡ್ಸ್‌ಮನ್. ಅವರು 30 ದಿನದೊಳಗೆ ಆದೇಶ ಕೊಡಬೇಕು, ಜೀವಕ್ಕೆ ತುರ್ತು ಅನ್ನುವಂಥದ್ದಿದ್ದರೆ ಆದಷ್ಟೂ 24 ಗಂಟೆಯೊಳಗೆ. ಆದೇಶ ಪಾಲಿಸದಿದ್ದರೆ 10,000 ರೂಪಾಯಿವರೆಗೆ ದಂಡ, ಆಮೇಲೂ ಹಠ ಹಿಡಿದರೆ ದಿನಕ್ಕೆ 5,000ದವರೆಗೆ. ಇದರ ಜೊತೆಗೆ ಖಾಸಗಿ ಆಸ್ಪತ್ರೆಗಳ ನೋಂದಣಿ ಪ್ರಾಧಿಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿದೆ, ಅಲ್ಲಿಗೂ ಒಂದು ಪ್ರತಿ ಹಾಕಿ. ನನ್ನ ಅನುಭವದಲ್ಲಿ ಆಸ್ಪತ್ರೆಯವರು ಓಂಬುಡ್ಸ್‌ಮನ್ ಹೆಸರಿಗಿಂತ ಡಿ.ಸಿ. ಆಫೀಸಿನ ಪತ್ರಕ್ಕೆ ಬೇಗ ಎದ್ದು ನಿಲ್ಲುತ್ತಾರೆ.

ಪ್ರಶ್ನೆ: ಗಂಡ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದರು. ತೀರಿಕೊಂಡು ಎರಡು ವರ್ಷ ಆಯಿತು. ನನಗೂ ಇದೆ, ಸಣ್ಣ ಮಗನಿಗೂ ಇದೆ, ಮಗಳಿಗೆ ಇಲ್ಲ. ‘ನಿನ್ನಿಂದಲೇ ನನ್ನ ಮಗ ಸತ್ತ’ ಅಂತ ಅತ್ತೆ ಹೊರಗೆ ಹಾಕಿದರು. ತವರಲ್ಲಿ ಅಣ್ಣನ ಮನೆಯಲ್ಲಿದ್ದೇನೆ. ನಾಲ್ಕು ಎಕರೆ ಹೊಲ ಮಾವನ ಹೆಸರಿನಲ್ಲಿದೆ. ಮೈದುನ ಬಂದು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತು, ಐವತ್ತು ಸಾವಿರ ಕೊಡುತ್ತೇವೆ ಅನ್ನುತ್ತಿದ್ದಾನೆ. — ಸುರಪುರ ಕಡೆಯ ಒಬ್ಬ ತಂಗಿ (ಬರೆದುಕೊಟ್ಟವರು ಬೇರೆ)

ತಂಗಿ, ಹೆಬ್ಬೆಟ್ಟು ಒತ್ತಬೇಡ. ಬೇರೆ ಏನು ಮರೆತರೂ ಇದೊಂದು ನೆನಪಿಟ್ಟುಕೋ. ಅದು ಹಕ್ಕು ಬಿಡುಗಡೆ ಪತ್ರ ಆಗಿರುತ್ತದೆ.

ಹೊಲ ಪಿತ್ರಾರ್ಜಿತ ಆಗಿದ್ದರೆ, ಅಂದರೆ ಮಾವನಿಗೆ ಅವರ ಅಪ್ಪ, ಅಜ್ಜನಿಂದ ಬಂದದ್ದಾದರೆ, ಅದರಲ್ಲಿ ನಿನ್ನ ಗಂಡನ ಪಾಲಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಆ ಪಾಲು ನಿನಗೆ, ಇಬ್ಬರು ಮಕ್ಕಳಿಗೆ, ನಿನ್ನ ಅತ್ತೆಗೆ, ನಾಲ್ವರಿಗೂ ಸಮ. ಹೌದು, ಹೊರಗೆ ಹಾಕಿದ ಅತ್ತೆಗೂ. ಮಾವ ಸ್ವಂತ ದುಡಿದು ಕೊಂಡದ್ದಾದರೆ ಮಾತು ಬೇರೆ, ಅದನ್ನು ಅವರು ಯಾರಿಗೆ ಬೇಕಾದರೂ ಕೊಡಬಹುದು. ಅದಕ್ಕೇ ಮೊದಲು ಹಳೇ ಪಹಣಿ, ಮುಟೇಷನ್ ಪ್ರತಿ ತೆಗೆಸಬೇಕು. ಅಷ್ಟರಲ್ಲಿ ಅವರು ಹೆಸರು ಬದಲಿಸಲು ಹೊರಟರೆ ತಹಸೀಲ್ದಾರರ ಹತ್ತಿರ ತಕರಾರು ಅರ್ಜಿ ಹಾಕು.

ಮನೆಯಿಂದ ಹೊರಗೆ ಹಾಕಿದ್ದಕ್ಕೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ. ಗಂಡನ ಜೊತೆ ಬಾಳಿದ ಮನೆಯಲ್ಲಿ ಇರುವ ಹಕ್ಕು ನಿನಗಿದೆ, ಮನೆ ಯಾರ ಹೆಸರಿನಲ್ಲಾದರೂ ಇರಲಿ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿನಲ್ಲಿ ಕೇಳು. ಮಕ್ಕಳು ಆ ಮನೆಯಲ್ಲಿ ಇರುವ ಹಕ್ಕನ್ನು ಎಚ್‌ಐವಿ ಕಾಯ್ದೆಯೇ ಕೊಡುತ್ತದೆ, ಮಗನಿಗೂ, ಸೋಂಕಿಲ್ಲದ ಮಗಳಿಗೂ.

ಮಗಳ ವಯಸ್ಸು ಬರೆದಿಲ್ಲ ನೀನು. 12 ದಾಟಿದ್ದರೆ ಒಂದು ವಿಷಯ ಹೇಳಬೇಕು, ಇದು ವಕೀಲರಲ್ಲೂ ಬಹಳ ಮಂದಿಗೆ ಗೊತ್ತಿಲ್ಲ. 12ರಿಂದ 18ರೊಳಗಿನ, ತಿಳುವಳಿಕೆ ಇರುವ, ಇಂಥ ಮನೆಯ ವ್ಯವಹಾರ ನೋಡಿಕೊಳ್ಳುತ್ತಿರುವ ಮಗು ತನ್ನ ತಮ್ಮ ತಂಗಿಯರಿಗೆ ಪೋಷಕಿಯಾಗಿ ಶಾಲೆಗೆ ಸೇರಿಸಬಹುದು, ಬ್ಯಾಂಕ್ ಖಾತೆ ನೋಡಿಕೊಳ್ಳಬಹುದು, ಆಸ್ಪತ್ರೆಯಲ್ಲಿ ಸಹಿ ಹಾಕಬಹುದು. ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಗಳು ತಮ್ಮನ ಮಾತ್ರೆ ತರಲು ಹೋದರೆ ‘ದೊಡ್ಡವರನ್ನು ಕರೆದುಕೊಂಡು ಬಾ’ ಅಂತ ಓಡಿಸುವ ಹಾಗಿಲ್ಲ. ಇದನ್ನು ಬರೆದವರು ಯಾರೋ ಅಪ್ಪ ಅಮ್ಮ ಇಲ್ಲದ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗಿ ನೋಡಿ ಬಂದವರೇ ಇರಬೇಕು ಅನ್ನಿಸುತ್ತದೆ ನನಗೆ.

ಖರ್ಚಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ, ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ಇಲ್ಲವೇ 15100ಕ್ಕೆ ಫೋನ್ ಮಾಡಿಸು. ಇನ್ನೊಂದು, ಹೊಲದ ದಾವೆಯಲ್ಲಿ ನಿನಗೆ ಎಚ್‌ಐವಿ ಇದೆ ಅಂತ ಬರೆಯುವ ಅಗತ್ಯವೇ ಇಲ್ಲ. ಹೊಲದ ಕೇಸು ಹೊಲದ್ದು. ವಕೀಲರು ಬರೆಯೋಣ, ಕನಿಕರ ಬರುತ್ತದೆ ಅಂದರೆ ಬೇಡ ಅನ್ನು. ಯಾಕೆ ಅಂತ ಕೊನೆಯಿಂದ ಎರಡನೇ ಉತ್ತರದಲ್ಲಿ ಹೇಳುತ್ತೇನೆ.

ಪ್ರಶ್ನೆ: ಸೆಕ್ಯೂರಿಟಿ ಕೆಲಸಕ್ಕೆ ಸೇರುವಾಗ ಕಂಪನಿಯವರು ಎಚ್‌ಐವಿ ರಿಪೋರ್ಟ್ ತನ್ನಿ ಅಂತಾರೆ. ಕೊಡಲೇಬೇಕಾ? — ಕಲಬುರಗಿ

ಬೇಕಿಲ್ಲ. ಕೇಳುವುದೇ ಕಾಯ್ದೆಗೆ ವಿರುದ್ಧ. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು ಅಂತ ತೆಗೆಯುವ ಹಾಗೂ ಇಲ್ಲ. ತೆಗೆಯಬೇಕಾದರೆ, ಇವನಿಂದ ಕೆಲಸದ ಜಾಗದಲ್ಲಿ ಬೇರೆಯವರಿಗೆ ಹರಡುವ ದೊಡ್ಡ ಅಪಾಯ ಇದೆ ಅಥವಾ ಈ ಕೆಲಸಕ್ಕೆ ಇವನ ಮೈ ತಡೆಯುವುದಿಲ್ಲ ಅಂತ ಕಂಪನಿಗೆ ಸಂಬಂಧ ಇಲ್ಲದ ಡಾಕ್ಟರು ಬರೆದುಕೊಡಬೇಕು, ಬೇರೆ ಹಗುರ ಕೆಲಸ ಕೊಡಲು ತನಗೇನು ತೊಂದರೆ ಅಂತ ಕಂಪನಿಯೂ ಬರೆಯಬೇಕು, ಎರಡರ ಪ್ರತಿಯೂ ನಿಮ್ಮ ಕೈಗೆ ಬರಬೇಕು. ಗೇಟಿನಲ್ಲಿ ಲಾಠಿ ಹಿಡಿದು ಕೂರುವವನಿಂದ ಯಾರಿಗೆ ಏನು ಹರಡುತ್ತದೆ ಹೇಳಿ.

ಪ್ರಶ್ನೆ: ನನ್ನ ತಮ್ಮನಿಗೆ ಪಾಸಿಟಿವ್ ಬಂದು ಮೂರು ವರ್ಷ. ಮಾತ್ರೆ ತಪ್ಪಿಸುವುದಿಲ್ಲ, ಗಟ್ಟಿಮುಟ್ಟಾಗಿದ್ದಾನೆ. ಮನೆಯಲ್ಲಿ ನನಗೊಬ್ಬನಿಗೇ ಗೊತ್ತು. ಈಗ ಮದುವೆ ಗೊತ್ತಾಗಿದೆ. ಹುಡುಗಿಗೆ ಹೇಳಿಲ್ಲ. ನಾನು ಹೋಗಿ ಹೇಳಿದರೆ ತಪ್ಪಾ? ಹೇಳದಿದ್ದರೆ ತಪ್ಪಾ? ನಿದ್ದೆ ಬರುತ್ತಿಲ್ಲ. — ಸೇಡಂ

ನಿಮ್ಮ ಪತ್ರ ಓದಿ ನನಗೂ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನಿಮ್ಮನ್ನು ನಂಬಿ ಹೇಳಿದ ಮಾತನ್ನು ಅವನ ಒಪ್ಪಿಗೆ ಇಲ್ಲದೆ ನೀವು ಹೊರಗೆ ಹೇಳುವ ಹಾಗಿಲ್ಲ, ಕಾಯ್ದೆ ಅದನ್ನು ತಡೆಯುತ್ತದೆ. ಅದೇ ಕಾಯ್ದೆ ನಿಮ್ಮ ತಮ್ಮನಿಗೂ ಒಂದು ಮಾತು ಹೇಳಿದೆ. ತನಗಿದೆ ಅಂತ ಗೊತ್ತಿದ್ದು, ಕೌನ್ಸೆಲಿಂಗ್ ಆದವನು ದೈಹಿಕ ಸಂಬಂಧಕ್ಕೆ ಮೊದಲು ಸಂಗಾತಿಗೆ ತಿಳಿಸುವುದೂ ಸೇರಿದಂತೆ ಎಲ್ಲ ಎಚ್ಚರಿಕೆ ತೆಗೆದುಕೊಳ್ಳಬೇಕು. (ಹೆಂಗಸರಿಗೆ ಇಲ್ಲಿ ಒಂದು ವಿನಾಯಿತಿ ಇದೆ, ಹೇಳಿದರೆ ಹೊಡೆತ ಬೀಳುತ್ತದೆ, ಬಿಟ್ಟುಹೋಗುತ್ತಾರೆ ಅನ್ನುವ ಭಯ ಇದ್ದರೆ. ಗಂಡಸರಿಗೆ ಇಲ್ಲ. ಸರಿಯಾಗಿಯೇ ಇದೆ.) ಡಾಕ್ಟರು, ಕೌನ್ಸೆಲರ್ ಹೇಳಬಹುದಾ? ಹೇಳಬಹುದು. ಮೊದಲು ಅವನಿಗೇ ಹೇಳಲು ಬುದ್ಧಿ ಹೇಳಿ, ಅವನು ಹೇಳುವುದಿಲ್ಲ ಅಂತ ಖಾತ್ರಿಯಾಗಿ, ‘ನಾವು ಹೇಳುತ್ತೇವೆ’ ಅಂತ ಅವನಿಗೆ ತಿಳಿಸಿದ ಮೇಲೆ. ಆದರೆ ಸಂಗಾತಿ ಅಂದರೆ ಹೆಂಡತಿ ಅಥವಾ ಹೆಂಡತಿಯಂತೆ ಬಾಳುತ್ತಿರುವವಳು ಅಂತ ಕಾಯ್ದೆಯಲ್ಲಿದೆ, ನಿಶ್ಚಿತಾರ್ಥ ಆದ ಹುಡುಗಿ ಅದರೊಳಗೆ ಬರುತ್ತಾಳಾ ಅನ್ನುವುದು ವಾದಕ್ಕೆ ಬಿಟ್ಟದ್ದು. ಅಂದರೆ ಮದುವೆಗೆ ಮೊದಲು ಹೇಳಬೇಕಾದವನು ಅವನೇ.

ಹಾಗಾಗಿ ನೀವು ತಮ್ಮನನ್ನು ಕೂರಿಸಿ ಮಾತಾಡಿ. ಮುಚ್ಚಿಟ್ಟು ಮದುವೆಯಾದರೆ ಮೋಸ ಆಗಿದೆ ಅಂತ ಆಕೆ ಮದುವೆಯನ್ನೇ ರದ್ದು ಮಾಡಿಸಬಹುದು, ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇನ್ನೊಂದು ಕಡೆ, ಅವನು ಮಾತ್ರೆ ತಪ್ಪಿಸುವುದಿಲ್ಲ ಅಂದಿರಿ. ವೈರಲ್ ಲೋಡ್ ಟೆಸ್ಟಿನಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ದೈಹಿಕ ಸಂಬಂಧದಿಂದ ಹರಡುವುದಿಲ್ಲ, ಮಕ್ಕಳೂ ಆಗಬಹುದು. ಇದನ್ನು ಆಕೆ ಕೌನ್ಸೆಲರ್ ಬಾಯಿಂದ ಕೇಳಲಿ. ಒಪ್ಪಿದರೆ ಒಪ್ಪಲಿ, ಬಿಟ್ಟರೆ ಬಿಡಲಿ, ಅದು ಆಕೆಯ ಬಾಳು. ಇಬ್ಬರೂ ಒಟ್ಟಿಗೆ ಐಸಿಟಿಸಿಗೆ, ಅಂದರೆ ಟೆಸ್ಟು, ಕೌನ್ಸೆಲಿಂಗ್ ಮಾಡುವ ಸರ್ಕಾರಿ ಕೇಂದ್ರಕ್ಕೆ ಹೋದರೆ ಒಳ್ಳೆಯದು. ಊರವರ ಕಣ್ಣು ಅನ್ನುವುದಾದರೆ ಬೇರೆ ತಾಲ್ಲೂಕಿಗೆ ಹೋಗಲಿ, ಹೇಗೂ ನಮ್ಮ ಮಂದಿ ಮಾತ್ರೆಗೆ ಸೊಲ್ಲಾಪುರದವರೆಗೆ ಹೋಗುತ್ತಾರೆ. ಅವನು ಒಪ್ಪದಿದ್ದರೆ? ನಿಮ್ಮ ಕೈಯಲ್ಲಿ ಅಕ್ಷತೆ ಹಿಡಿದು ನಿಲ್ಲಬೇಡಿ. ಅಷ್ಟಂತೂ ನಿಮ್ಮ ಕೈಯಲ್ಲಿದೆ.

ಪ್ರಶ್ನೆ: ಮೇಡಂ, ಈ ವರ್ಷ ಎಲ್‌ಎಲ್‌ಬಿ ಮುಗಿಸಿದೆ. ಎಚ್‌ಐವಿ ಇರುವವರ ಪರವಾಗಿ ಮಾನವ ಹಕ್ಕುಗಳ ಕೆಲಸ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ಬೆಂಗಳೂರು, ದಿಲ್ಲಿಗೇ ಹೋಗಬೇಕಾ? ಹೊಟ್ಟೆಪಾಡು ನಡೆಯುತ್ತದಾ? — ಭಾಲ್ಕಿ

ತಮ್ಮಾ, ಹೊಟ್ಟೆಪಾಡಿನದ್ದು ಮೊದಲು ಮುಗಿಸೋಣ. ಬರೀ ಇದರಿಂದ ನಡೆಯುವುದಿಲ್ಲ. ನಾನು ಹೊಲದ ಕೇಸು, ಚೆಕ್ ಬೌನ್ಸ್ ಕೇಸು ನಡೆಸಿಯೇ ಮನೆ ನಡೆಸಿದ್ದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ಗೆ ಸೇರಿದರೆ ಸ್ವಲ್ಪ ಶುಲ್ಕ ಬರುತ್ತದೆ, ಅದು ಬಂದಾಗ ಬಂತು. ಸಂಸ್ಥೆಗಳಲ್ಲಿ ಸಂಬಳದ ಕೆಲಸ ಇರುತ್ತದೆ, ಪ್ರಾಜೆಕ್ಟ್ ಮುಗಿದ ದಿನ ಕೆಲಸವೂ ಮುಗಿಯುತ್ತದೆ.

ಬೆಂಗಳೂರಿಗೆ ಹೋಗಬೇಕಿಲ್ಲ. ಹೈಕೋರ್ಟ್ ಪೀಠ 2008ರಿಂದ ಕಲಬುರಗಿಯಲ್ಲೇ ಇದೆ, 2017ರಿಂದ ಬೀದರ್-ಕಲಬುರಗಿ ರೈಲೂ ಇದೆ. ಬೆಂಗಳೂರಿನಲ್ಲಿ ಈ ಕಾನೂನು ಗೊತ್ತಿರುವ ವಕೀಲರು ಸಿಗುತ್ತಾರೆ. ಔರಾದಿನಲ್ಲಿ ಸಿಗುವುದಿಲ್ಲ. ಬೇಕಾದದ್ದು ಔರಾದಿಗೆ. ಸನದು (ವಕೀಲಿಕೆಯ ಪರವಾನಗಿ) ತೆಗೆದುಕೋ, ಬಾರ್ ಪರೀಕ್ಷೆ ಬರೆ, ಅಷ್ಟರೊಳಗೆ ತಾಲ್ಲೂಕು ಸಮಿತಿಯಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕನಾಗಿ ಹೆಸರು ಬರೆಸು. ಕಾಯ್ದೆಯನ್ನು ಗೈಡ್ ಬಿಟ್ಟು ಮೂಲದಲ್ಲೇ ಓದು, 50 ಕಲಂ ಅಷ್ಟೇ, ಒಂದು ಭಾನುವಾರ ಸಾಕು. ನಮ್ಮ ಕಡೆ ಉರ್ದು, ಮರಾಠಿ, ತೆಲುಗು ಬರುವವನಿಗೆ ಅರ್ಧ ಕೆಲಸ ಸಲೀಸು. ನೀನು ಭಾಲ್ಕಿಯವನು, ಮರಾಠಿ ಬಂದೇ ಬರುತ್ತದೆ.

ಇದು ಕೋರ್ಟಿನ ಕೆಲಸ ಅಂತ ತಿಳಿದುಕೊಂಡಿದ್ದರೆ ನಿರಾಸೆ ಆದೀತು. ಕೋರ್ಟು ಸ್ವಲ್ಪ. ಉಳಿದದ್ದೆಲ್ಲ ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸುವುದು, ವಿಧವಾ ವೇತನದ ಅರ್ಜಿ, ಹಾಸ್ಟೆಲ್ ವಾರ್ಡನ್ ಜೊತೆ ಹುಡುಗನ ಮಾತ್ರೆ ಡಬ್ಬಿಯ ಬಗ್ಗೆ ಮೆಲ್ಲಗೆ ಮಾತಾಡುವುದು, ಮನೆ ಖಾಲಿ ಮಾಡಿ ಅಂದ ಮಾಲೀಕರಿಗೆ ಒಂದು ನೋಟಿಸು. ನಿನ್ನ ಹೆಸರಿನ ಬೋರ್ಡಿನ ಮೇಲೆ ‘ಎಚ್‌ಐವಿ ವಕೀಲ’ ಅಂತ ಬರೆಸಬೇಡ, ಒಬ್ಬರೂ ಬರುವುದಿಲ್ಲ. ಯಾರದ್ದಾದರೂ ಮನೆಗೆ ಹೋಗುವಾಗ ವಕೀಲರ ಸ್ಟಿಕ್ಕರ್ ಇರುವ ಗಾಡಿಯನ್ನು ಬಾಗಿಲಲ್ಲಿ ನಿಲ್ಲಿಸಬೇಡ, ಬಸ್‌ಸ್ಟ್ಯಾಂಡ್ ಹತ್ತಿರ ಬಿಟ್ಟು ನಡೆದು ಹೋಗು.

ಇದನ್ನೆಲ್ಲ ನಾನು ಪುಸ್ತಕದಿಂದ ಕಲಿಯಲಿಲ್ಲ, ಒಬ್ಬ ಹೆಣ್ಣುಮಗಳ ಬಾಳು ಕೆಡಿಸಿ ಕಲಿತೆ. ಈ ಕಾಯ್ದೆ ಬರುವುದಕ್ಕಿಂತ ಎಷ್ಟೋ ವರ್ಷ ಮೊದಲಿನ ಮಾತು. ಹಳ್ಳಿಯೊಂದರ ಹೆಂಗಸು ಜೀವನಾಂಶ ಕೇಳಿ ಬಂದಳು. ನಾನು ಹೊಸಬಳು, ಹುರುಪು ಜಾಸ್ತಿ. ಅರ್ಜಿಯ ಮೂರನೇ ಪ್ಯಾರಾದಲ್ಲೇ ಆಕೆಗೆ ಗಂಡನಿಂದ ಎಚ್‌ಐವಿ ಬಂದಿದೆ ಅಂತ ಬರೆದೆ. ಜಡ್ಜ್ ಓದಿದರೆ ಬೇಗ ಆದೇಶ ಕೊಡುತ್ತಾರೆ ಅಂತ ನನ್ನ ಲೆಕ್ಕ. ಹೆಸರು, ಅಪ್ಪನ ಹೆಸರು, ಊರು ಎಲ್ಲ ಪೂರ್ತಿ. ಸಮನ್ಸ್ ಜೊತೆ ಅರ್ಜಿಯ ಪ್ರತಿ ಹೋಗುತ್ತದೆ ಅನ್ನುವುದು ನನಗೆ ಗೊತ್ತಿತ್ತು, ಆದರೆ ಅದು ಎಲ್ಲಿಗೆ ಹೋಗಿ ಬೀಳುತ್ತದೆ ಅಂತ ಯೋಚಿಸಿರಲಿಲ್ಲ. ಗಂಡನಿಗೆ ಓದಲು ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತ ಹುಡುಗನೊಬ್ಬನ ಕೈಗೆ ಕೊಟ್ಟು ಓದಿಸಿದ. ಹುಡುಗ ಗಟ್ಟಿಯಾಗಿ ಓದಿದ.

ಮುಂದಿನ ತಾರೀಖಿಗೆ ಆಕೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅರ್ಜಿ ವಜಾ ಆಯಿತು. ಹುಡುಕಿಕೊಂಡು ಹೋದೆ, ಮಗಳನ್ನು ಕರೆದುಕೊಂಡು ಮುಂಬೈಗೆ ಹೋದಳು ಅಂದರು. ಮತ್ತೆ ನೋಡಲಿಲ್ಲ.

1997ರಲ್ಲೇ ಬಾಂಬೆ ಹೈಕೋರ್ಟಿನಲ್ಲಿ ಒಬ್ಬ ಕೂಲಿ ಕಾರ್ಮಿಕ ಕೆಲಸ ಕಳೆದುಕೊಂಡದ್ದಕ್ಕೆ ಕೇಸು ಹಾಕಿ ಗೆದ್ದಿದ್ದ. ಕೆಲಸ ಮಾಡುವ ಶಕ್ತಿ ಇರುವವನನ್ನು ಎಚ್‌ಐವಿ ಇದೆ ಅಂತ ತೆಗೆಯುವ ಹಾಗಿಲ್ಲ ಅಂತ ತೀರ್ಪು. ಅವನ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ, ತೀರ್ಪಿನಲ್ಲಿ ಅವನು ಬರೀ ‘ಎಂಎಕ್ಸ್’. ಎರಡು ಅಕ್ಷರ. ಆ ಎರಡು ಅಕ್ಷರ ನನಗೆ ಗೊತ್ತಿದ್ದಿದ್ದರೆ ಆ ಹೆಂಗಸು ಊರಲ್ಲಿರುತ್ತಿದ್ದಳೋ ಏನೋ.

ಈಗ ಅದು ಕಾಯ್ದೆಯ 34ನೇ ಕಲಂ. ಅರ್ಜಿ ಹಾಕಿದರೆ ಬೇರೆ ಹೆಸರಿನಲ್ಲಿ ಕೇಸು ನಡೆಸಬಹುದು, ಬಾಗಿಲು ಮುಚ್ಚಿ ವಿಚಾರಣೆ ಮಾಡಿಸಬಹುದು, ಪತ್ರಿಕೆಯಲ್ಲಿ ಗುರುತು ಬರದಂತೆ ತಡೆಯಬಹುದು. ಇಂಥ ಕೇಸನ್ನು ಬೇರೆಯವಕ್ಕಿಂತ ಮೊದಲು ತೆಗೆದುಕೊಳ್ಳಬೇಕು ಅಂತಲೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸೇನಾ ಆಸ್ಪತ್ರೆಯಲ್ಲಿ ಕೊಟ್ಟ ರಕ್ತದಿಂದ ಸೋಂಕು ತಗಲಿದ ವಾಯುಪಡೆಯ ಯೋಧರೊಬ್ಬರಿಗೆ 1 ಕೋಟಿ 54 ಲಕ್ಷ 73 ಸಾವಿರ ರೂಪಾಯಿ ಪರಿಹಾರ ಕೊಡಿಸಿತು. ಪೇಪರಿನಲ್ಲಿ ಎಲ್ಲರೂ ಓದಿದ್ದು ಆ ದುಡ್ಡಿನ ಲೆಕ್ಕವನ್ನು. ಅದೇ ತೀರ್ಪಿನಲ್ಲಿ ಕೋರ್ಟ್, ಟ್ರಿಬ್ಯೂನಲ್‌ಗಳೆಲ್ಲ ಈ 34ನೇ ಕಲಂ ಪಾಲಿಸಲೇಬೇಕು, ಗುರುತು ಮುಚ್ಚಿಡಬೇಕು ಅಂತಲೂ ಹೇಳಿದೆ. ಆ ಪುಟದ ಜೆರಾಕ್ಸ್ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ, ನಿನ್ನ ಚೀಲದಲ್ಲೂ ಇರಲಿ. ಎಷ್ಟೋ ಕಡೆ ಕಚೇರಿ ಗುಮಾಸ್ತರು ‘ಹೆಸರಿಲ್ಲದ ಅರ್ಜಿ ತಗೊಳ್ಳಲ್ಲ’ ಅಂತಾರೆ, ಆಗ ಜಗಳ ಮಾಡಬೇಡ, ಸುಮ್ನೆ ಆ ಹಾಳೆ ಮುಂದಿಡು. ನಿಜವಾದ ಹೆಸರು ವಿಳಾಸ ಸೀಲ್ ಮಾಡಿದ ಲಕೋಟೆಯಲ್ಲಿ ಕೊಡುತ್ತೇನೆ ಅನ್ನು.

ಇನ್ನೂ ಕೇಳುವುದಿದ್ದರೆ ಯಾವುದಾದರೂ ಶನಿವಾರ ಬಾ. ಊಟ ಮಾಡದೆ ಬಾ, ರೊಟ್ಟಿ ಇರುತ್ತದೆ.

ಪ್ರಶ್ನೆ: ನಿಮ್ಮನ್ನು ಕಾಣಬೇಕು. ಆದರೆ ಅಂಕಣ ಓದಿದವರಿಗೆ ನೀವು ಯಾವ ಕೇಸು ನಡೆಸುತ್ತೀರಿ ಅಂತ ಗೊತ್ತು. ನಿಮ್ಮ ಆಫೀಸಿನ ಮೆಟ್ಟಿಲು ಹತ್ತುವುದನ್ನು ಯಾರಾದರೂ ನೋಡಿದರೆ? — ಊರು ಬೇಡ

ನನ್ನ ಆಫೀಸಿನಲ್ಲಿ ದಿನಾ ಹತ್ತಿಪ್ಪತ್ತು ಮಂದಿ ಕೂತಿರುತ್ತಾರೆ, ಹೆಚ್ಚಿನವರು ಬದುವಿನ ಜಗಳದವರು, ತೊಗರಿ ಮಾರಿ ದುಡ್ಡು ಬರದವರು. ನೀವೂ ಕೈಯಲ್ಲಿ ಒಂದು ಹಳೇ ಪಹಣಿ ಹಿಡಿದುಕೊಂಡು ಬನ್ನಿ. ಹೊರಗೆ ಕೂತವರು ಕೇಳಿದರೆ ಅಣ್ಣತಮ್ಮಂದಿರ ಪಾಲಿನ ಕೇಸು ಅನ್ನಿ. ಎಷ್ಟು ಎಕರೆ ಅಂತ ಕೇಳೇ ಕೇಳುತ್ತಾರೆ, ಅದನ್ನೊಂದು ಮೊದಲೇ ಯೋಚಿಸಿಕೊಂಡು ಬನ್ನಿ.